ಅರೆನಂಬಿಕೆಯ ತಂದೆಯೂ ಅವನ ಬಿನ್ನಹವೂ

ಓದತಕ್ಕ ಭಾಗ: ಮಾರ್ಕನ ಸುವಾರ್ತೆ 9ನೇ ಅಧ್ಯಾಯ, 14ರಿಂದ 29ನೇ ವಚನಗಳು. ಕೂಡ ನೋಡತಕ್ಕವು: ಯಾಕೋಬನ ಪತ್ರಿಕೆ 1:5–8, ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆ 12:7–10.

ಘಟ್ಟದ ಮೇಲೆ ಮಳೆ ಹಿಂದೆಗೆದು, ಚಳಿ ಹಿಡಿದು, ಅಡಿಕೆಯ ಕೊನೆಕೊಯ್ಲು ಮುಗಿಯುತ್ತಾ ಬರುವ ಕಾಲದಲ್ಲಿ ದೊಡ್ಮನೆ ಮುಂತಾದ ಸಿದ್ದಾಪುರ ಸೀಮೆಯ ಹಳ್ಳಿಗಳ ಜನರು ಕಾಡಿನ ಕಡೆಗೆ ಕಿವಿಗೊಟ್ಟುಕೊಂಡಿರುತ್ತಾರೆ. ಎಲ್ಲಿಯಾದರೂ ಮಂಗಗಳು ಸತ್ತು ಬಿದ್ದವೋ ಎಂಬದೇ ಅವರ ವಿಚಾರಣೆ. ಯಾಕಂದರೆ ಮಂಗ ಸತ್ತ ಕಾಡಿಗೆ ಸೊಪ್ಪು ಕಡಿಯಲಿಕ್ಕೂ ದರಕು ಗುಡಿಸಲಿಕ್ಕೂ ಹೋದವರು ಕೆಲವು ದಿವಸಗಳ ಮೇಲೆ ಜ್ವರದಿಂದ ಮಲಗುವದನ್ನು ಅವರು ನೋಡಿದ್ದಾರೆ. ಈ ರೋಗಕ್ಕೆ ನಮ್ಮವರು ಮಂಗನ ಕಾಯಿಲೆ ಅನ್ನುತ್ತಾರೆ. (ಕೆನ್ನೆ ಊದಿಸುವ ಮಂಗನಬಾವು ಬೇರೆ; ಅದನ್ನು ಇದರೊಂದಿಗೆ ಸೇರಿಸಬಾರದು.) 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರಲು, ಪುಣೆಯ ಸಂಶೋಧನಾಲಯದ ವೈದ್ಯರು ಬಂದು ಪರೀಕ್ಷಿಸಿ, ಇದು ಅದು ವರೆಗೆ ತಿಳಿಯದಿದ್ದ ಒಂದು ವಿಷಾಣುವಿನಿಂದ ಆಗುವದೆಂದೂ, ಉಣುಗುಗಳ ಕಡಿತದಿಂದ ಮನುಷ್ಯರಿಗೆ ತಗಲುವದೆಂದೂ ಕಂಡುಕೊಂಡರು. ಅಂದಿನಿಂದ ಅದು ಆ ಒಂದು ಕಾಡಿನಲ್ಲಿ ನಿಲ್ಲಲಿಲ್ಲ. 2019ರಲ್ಲಿ ಶರಾವತಿಯ ಆಚೆಗಿನ ಸಾಗರ ತಾಲೂಕಿನ ಅರಲಗೋಡು ಸುತ್ತಲಿನ ಹಳ್ಳಿಗಳಲ್ಲಿ ಹಲವರು ಸತ್ತರು. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿಯೇ ಬಹು ಮಂದಿ ಮಲಗಿದರು.

ಈ ರೋಗವು ಯಾರನ್ನು ಹಿಡಿಯುತ್ತದೆ ಎಂಬದನ್ನು ಗಮನಿಸಿರಿ. ತೋಟದ ಗೊಬ್ಬರಕ್ಕೂ ಕೊಟ್ಟಿಗೆಯ ಹಾಸಿಗೂ ಬೇಕಾದ ದರಕನ್ನು ಹೆಡಿಗೆಯಲ್ಲಿ ತುಂಬುವ ಕೂಲಿಯವಳನ್ನು, ಕಟ್ಟಿಗೆಗೆ ಹೋದ ಮುದುಕನನ್ನು, ದನ ಮೇಯಿಸಲಿಕ್ಕೆ ಹೋದ ಹುಡುಗನನ್ನು. ಕಾಡಿಗೆ ಹೋಗದೆ ಇರ್ರಿ ಎಂದು ಅವರಿಗೆ ಹೇಳುವದು ಸುಲಭ. ಆದರೆ ಹೋಗದಿದ್ದರೆ ಅವರ ಒಲೆ ಉರಿಯುವದಿಲ್ಲ. ಜ್ವರ ಏಕಾಏಕಿ ಬರುತ್ತದೆ. ತಲೆ ಸಿಡಿಯುತ್ತದೆ, ಮೈಕೈಯ ಮಾಂಸವೆಲ್ಲಾ ನೋಯುತ್ತದೆ. ಕೆಲವರಿಗೆ ಮೂಗಿನಿಂದಲೂ ವಸಡಿನಿಂದಲೂ ರಕ್ತ ಬರುತ್ತದೆ. ವಾಸಿಯಾಯಿತೆಂದು ಎದ್ದವರಿಗೂ ಕೆಲವರಿಗೆ ಒಂದೆರಡು ವಾರದ ಮೇಲೆ ಜ್ವರ ಮರಳಿ ಬಂದು ತಲೆಗೇರುವದುಂಟು. ಇದಕ್ಕೆಂದೇ ಆದ ಔಷಧವು ಇಲ್ಲ. ದವಾಖಾನೆಯಲ್ಲಿ ರೋಗಿಯ ಬಲವನ್ನು ಕಾಪಾಡಿ ಆಧಾರಕೊಡುವ ಚಿಕಿತ್ಸೆ ಮಾತ್ರವೇ. 1990ರಿಂದ ಹಾಕುತ್ತಿದ್ದ ಲಸಿಕೆಯು ಸಾಕಷ್ಟು ಕಾಪಾಡುವದಿಲ್ಲವೆಂದು ಕಂಡುಬಂದು 2022ರಲ್ಲಿ ನಿಂತಿತು. ಹಿಡಿದವರಲ್ಲಿ ಹೆಚ್ಚಿನವರು ಬದುಕುತ್ತಾರೆ. ನೂರಕ್ಕೆ ಮೂರು ನಾಲ್ಕು ಮಂದಿ, ಕೆಲವು ಸಾರಿ ಇನ್ನೂ ಹೆಚ್ಚು ಮಂದಿ, ಬದುಕುವದಿಲ್ಲ.

ಇಂಥಾ ಕಾಲದಲ್ಲಿ ವಿಶ್ವಾಸಿಗಳ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದನ್ನು ಸಭೆಯಲ್ಲಿ ಕೇಳುವವರು ಕಡಿಮೆ. ರಾತ್ರಿಯಲ್ಲಿ ಕೇಳುವವರು ಬಹಳ. ಎರಡು ಮನೆಗಳಲ್ಲಿ ಇಬ್ಬರು ಮಲಗಿದರು. ಇಬ್ಬರಿಗೋಸ್ಕರವೂ ಒಂದೇ ಸಭೆಯವರು ಒಂದೇ ಮಾತುಗಳಿಂದ ಬೇಡಿಕೊಂಡರು. ಒಬ್ಬನು ಎದ್ದನು, ಒಬ್ಬನು ಏಳಲಿಲ್ಲ. ಎದ್ದವನ ಮನೆಯವರು ಕೃತಜ್ಞತಾಸ್ತುತಿ ಮಾಡಿದರು. ಏಳದವನ ತಾಯಿಗೆ ಏನು ಹೇಳೋಣ? ನೆರೆಯವರಲ್ಲಿ ಯಾರಾದರೂ ಬಂದು, ಅಮ್ಮಾ, ನಂಬಿಕೆ ಸಾಲದೆ ಹೋಯಿತು ಎಂದು ಹೇಳಿಬಿಡುತ್ತಾರೆ. ಹೀಗೆ ಹೇಳುವವರು ಭಕ್ತಿಯುಳ್ಳವರೇ ಆಗಿರಬಹುದು. ಆದರೂ ಇದಕ್ಕಿಂತ ಕ್ರೂರವಾದ ಮಾತು ಮತ್ತೊಂದಿಲ್ಲವೆಂದು ನಾವು ನೆನಸುತ್ತೇವೆ. ಮಗನನ್ನು ಕಳಕೊಂಡವಳ ತಲೆಯ ಮೇಲೆ ಮಗನನ್ನು ಕೊಂದ ಭಾರವನ್ನೂ ಹೊರಿಸಿದ ಹಾಗಾಯಿತು. ಆ ಮಾತು ಸತ್ಯವೋ ಅಲ್ಲವೋ ಎಂದು ತಿಳಿಯುವದಕ್ಕೆ ಈ ಪಾಠದ ಭಾಗಕ್ಕಿಂತ ಒಳ್ಳೇ ಸ್ಥಳವು ಸುವಾರ್ತೆಗಳಲ್ಲಿ ನಮಗೆ ಕಾಣುವದಿಲ್ಲ.

ಕರ್ತನು ಪೇತ್ರ ಯಾಕೋಬ ಯೋಹಾನರ ಸಂಗಡ ಬೆಟ್ಟದಿಂದ ಇಳಿದು ಬರುತ್ತಾನೆ. ಬೆಟ್ಟದ ಮೇಲೆ ಪ್ರಕಾಶವಿತ್ತು, ಕೆಳಗೆ ಜಗಳವಿದೆ. ಉಳಿದ ಒಂಭತ್ತು ಮಂದಿ ಶಿಷ್ಯರು ಒಬ್ಬ ಹುಡುಗನನ್ನು ಸ್ವಸ್ಥಮಾಡಲು ಪ್ರಯತ್ನಿಸಿ ಸೋತುಹೋಗಿದ್ದಾರೆ. ಶಾಸ್ತ್ರಿಗಳು ಅವರೊಂದಿಗೆ ತರ್ಕ ಮಾಡುತ್ತಿದ್ದಾರೆ. ಜನರು ಸುತ್ತಲೂ ಕೂಡಿದ್ದಾರೆ. ತರ್ಕ ನಡೆಯುವಾಗ ಆ ಹುಡುಗನನ್ನು ನೋಡುವವರು ಯಾರೂ ಇದ್ದ ಹಾಗೆ ಕಾಣುವದಿಲ್ಲ. ನಮ್ಮ ಹಳ್ಳಿಗಳಲ್ಲಿಯೂ ಹೀಗಾಗುವದನ್ನು ನಾವು ಬಲ್ಲೆವು. ಒಳಗೆ ಒಬ್ಬನು ಜ್ವರದಿಂದ ನರಳುತ್ತಿರುವಾಗ ಹೊರಜಗಲಿಯಲ್ಲಿ ನಾಲ್ವರು ಕೂತು, ಇದು ಯಾರ ತಪ್ಪಿನಿಂದ ಬಂತು, ಯಾಕೆ ಬಂತು ಎಂದು ನಿರ್ಣಯಿಸುತ್ತಿರುತ್ತಾರೆ.

ಕರ್ತನು ತರ್ಕಕ್ಕೆ ಸೇರುವದಿಲ್ಲ. ಹುಡುಗನನ್ನು ತರಿಸಿ, ತಂದೆಯನ್ನು ಕೇಳುತ್ತಾನೆ, ಇದು ಎಷ್ಟು ಕಾಲದಿಂದ ಎಂದು. ಒಳ್ಳೇ ವೈದ್ಯನು ಕೇಳುವ ಪ್ರಶ್ನೆಯೇ ಇದು. ತಂದೆಯು ಬಾಲ್ಯದಿಂದಲೂ ಎಂದು ಆರಂಭಿಸಿ, ಬೆಂಕಿಯಲ್ಲಿ ಬಿದ್ದದ್ದನ್ನೂ ನೀರಿನಲ್ಲಿ ಬಿದ್ದದ್ದನ್ನೂ ಎಲ್ಲಾ ಹೇಳುತ್ತಾನೆ. ಸರ್ವವನ್ನೂ ಬಲ್ಲವನಿಗೆ ಇದನ್ನು ಕೇಳುವ ಅಗತ್ಯವೇನಿತ್ತು? ತಿಳುಕೊಳ್ಳುವದಕ್ಕಲ್ಲ, ಆ ಮನುಷ್ಯನು ಹೇಳಿಕೊಳ್ಳಲಿ ಎಂದು ಕೇಳಿದನೆಂಬದೇ ನಮ್ಮ ಅಭಿಪ್ರಾಯ. ಪ್ರಾರ್ಥನೆಯೆಂದರೆ ಚೆನ್ನಾಗಿ ಜೋಡಿಸಿದ ಮಾತುಗಳೆಂದು ತಿಳಿದು, ಉಪದೇಶಿಯವರ ಹಾಗೆ ನಮಗೆ ಬಾರದು ಎಂದು ಬಾಯಿ ಮುಚ್ಚಿಕೊಂಡಿರುವ ಸಹೋದರ ಸಹೋದರಿಯರು ಇದನ್ನು ಮನಸ್ಸಿಗೆ ತಂದುಕೊಳ್ಳಲಿ. ಎಂದಿನಿಂದ ಜ್ವರ, ಎಷ್ಟು ಸಾಲವಾಯಿತು, ಯಾವ ಮಾತು ಹೆದರಿಸಿತು, ಇವುಗಳನ್ನು ಹೇಳಿದರೆ ಅದು ಪ್ರಾರ್ಥನೆಯೇ.

ಆಮೇಲೆ ಆ ತಂದೆಯು ತನ್ನ ಬಿನ್ನಹವನ್ನು ಮಾಡುತ್ತಾನೆ. ಅದರಲ್ಲಿ ಒಂದು ಅನುಮಾನದ ಮಾತು ಸೇರಿಕೊಂಡಿದೆ. ನಿನ್ನ ಕೈಯಿಂದ ಆಗುವದಾದರೆ ಎನ್ನುವ ಅರ್ಥದಲ್ಲಿ ಅವನು ಬೇಡಿಕೊಳ್ಳುತ್ತಾನೆ. ಅವನನ್ನು ಯಾಕೆ ದೂರಬೇಕು? ಶಿಷ್ಯರ ಕೈಯಿಂದ ಆಗಲಿಲ್ಲವೆಂಬದನ್ನು ಅವನು ಆಗ ತಾನೇ ಕಣ್ಣಾರೆ ಕಂಡಿದ್ದನು. ಸೇವಕರಿಂದ ಆಶಾಭಂಗವಾದವನಿಗೆ ಯಜಮಾನನ ಮೇಲೂ ಸಂದೇಹ ಹುಟ್ಟುವದು ಸಹಜ. ಬೋಧಕರೂ ಹಿರಿಯರೂ ಆದವರು ಈ ಸ್ಥಳದಲ್ಲಿ ಸ್ವಲ್ಪ ನಿಂತು ತಮ್ಮನ್ನು ಶೋಧಿಸಿಕೊಂಡರೆ ಒಳ್ಳೇದು. ಕರ್ತನು ಆ ಅನುಮಾನವನ್ನು ಎತ್ತಿ ತೋರಿಸುತ್ತಾನೆ, ನಂಬುವವನಿಗೆ ಅಸಾಧ್ಯವೇನೂ ಇಲ್ಲವೆಂದು ತಿಳಿಸುತ್ತಾನೆ. ಇದನ್ನು ಕೇಳಿದ ತಂದೆಯು ತನಗೆ ಪೂರ್ಣ ನಂಬಿಕೆ ಉಂಟೆಂದು ಸುಳ್ಳು ಹೇಳಲಿಲ್ಲ. ನಂಬಿಕೆ ಇಲ್ಲವೆಂದು ಹುಡುಗನನ್ನು ಕರಕೊಂಡು ಹಿಂದಕ್ಕೆ ಹೋಗಲೂ ಇಲ್ಲ. ಒಂದೇ ಉಸಿರಿನಲ್ಲಿ ತನಗಿದ್ದ ನಂಬಿಕೆಯನ್ನು ಅರಿಕೆಮಾಡಿ, ಇಲ್ಲದ್ದಕ್ಕೆ ಸಹಾಯವನ್ನು ಬೇಡಿಕೊಂಡನು. ಕಣ್ಣೀರಿನಿಂದ ಕೂಗಿಕೊಂಡನೆಂದು ಕೆಲವು ಪ್ರತಿಗಳಲ್ಲಿ ಇರುತ್ತದೆ.

ಇಲ್ಲಿ ನೋಡತಕ್ಕದ್ದೇನಂದರೆ, ಕರ್ತನು ಅವನಿಗೆ, ಹೋಗು, ಉಳಿದ ಅರ್ಧವನ್ನು ಸಂಪಾದಿಸಿಕೊಂಡು ಬಾ ಎಂದು ಹೇಳಲಿಲ್ಲ. ನಂಬಿಕೆಯನ್ನು ಸೇರಿನಲ್ಲಿ ಅಳೆಯಲಿಲ್ಲ. ಇದ್ದ ಹಾಗೆಯೇ ಅವನ ಬಿನ್ನಹವನ್ನು ಅಂಗೀಕರಿಸಿ ಹುಡುಗನನ್ನು ಬಿಡಿಸಿದನು. ಆದಕಾರಣ ಮಗು ಸತ್ತದ್ದು ನಂಬಿಕೆ ಸಾಲದ್ದರಿಂದ ಎಂದು ಹೇಳುವವನು ಈ ಅಧ್ಯಾಯಕ್ಕೆ ವಿರೋಧವಾಗಿ ಮಾತಾಡುತ್ತಾನೆ. ಅರೆನಂಬಿಕೆಯ ತಂದೆಯ ಮಗನು ಇಲ್ಲಿ ಬದುಕಿದ್ದಾನೆ. ಮತ್ತೊಂದು ಸಂಗತಿಯೂ ಉಂಟು. ಬಿನ್ನಹಕ್ಕೂ ಹುಡುಗನು ಎದ್ದು ನಿಂತದ್ದಕ್ಕೂ ನಡುವೆ ಒಂದು ಗಳಿಗೆ ಇತ್ತು. ಆ ಗಳಿಗೆಯಲ್ಲಿ ಅವನು ಹೆಣದ ಹಾಗೆ ಬಿದ್ದಿದ್ದನು. ಸುತ್ತಲಿದ್ದವರಲ್ಲಿ ಬಹು ಮಂದಿ ಸತ್ತೇ ಹೋದನೆಂದರು. ತಂದೆಯ ಕಿವಿಗೆ ಆ ಮಾತು ಬಿದ್ದಿರಬೇಕು. ಪ್ರಾರ್ಥನೆ ಮಾಡಿದ ಮೇಲೆ ರೋಗವು ಹೆಚ್ಚಿದ್ದನ್ನು ಕಂಡ ಮನೆಯವರಿಗೆ ಆ ಗಳಿಗೆ ಎಷ್ಟು ಉದ್ದವೆಂದು ಗೊತ್ತು.

ಈಗ ಯಾಕೋಬನ ಪತ್ರಿಕೆಯ ಕಠಿಣವಾದ ಮಾತಿಗೆ ಬರೋಣ. ಇದನ್ನು ಬಿಟ್ಟು ಮುಂದೆ ಹೋಗುವದು ನ್ಯಾಯವಲ್ಲ. ಯಾಕಂದರೆ ಸಂದೇಹಪಡುವವರಿಗೆ ಇದನ್ನೇ ಎತ್ತಿ ತೋರಿಸುತ್ತಾರೆ. ಸಂದೇಹಪಟ್ಟು ಬೇಡುವವನು ಗಾಳಿಗೆ ಹೊಯ್ದಾಡುವ ತೆರೆಯಂತಿದ್ದಾನೆ, ಅವನಿಗೆ ಏನೂ ಸಿಕ್ಕದೆಂಬದು ಅಪೊಸ್ತಲನ ಬೋಧನೆ. ಆ ತಂದೆಯು ಸಂದೇಹಪಟ್ಟನಲ್ಲಾ, ಅವನಿಗೆ ಹೇಗೆ ಸಿಕ್ಕಿತು? ನಮಗೆ ತೋರುವದೇನಂದರೆ, ಯಾಕೋಬನು ಹೇಳುವವನು ಎರಡು ಮನಸ್ಸಿನವನು. ಎರಡು ದೋಣಿಯಲ್ಲಿ ಕಾಲಿಟ್ಟವನು. ದೇವರ ಬಳಿಗೂ ಹೋಗೋಣ, ಅಲ್ಲಿ ಆಗದಿದ್ದರೆ ಇರಲಿ ಎಂದು ಇನ್ನೊಂದು ಕಡೆಗೂ ಗುಟ್ಟಾಗಿ ಹರಕೆ ಕಟ್ಟಿಕೊಂಡಿರೋಣ ಎನ್ನುವವನ ಸಂದೇಹವು ಬೇರೆ. ಹೋಗಲಿಕ್ಕೆ ಬೇರೆ ಬಾಗಿಲಿಲ್ಲದೆ, ಇದ್ದ ಒಂದೇ ಬಾಗಲಲ್ಲಿ ನಿಂತು ನಡುಗುವವನ ಸಂದೇಹವು ಬೇರೆ. ಮೊದಲನೆಯವನು ಲೆಕ್ಕ ಹಾಕುತ್ತಾನೆ. ಎರಡನೆಯವನು ಅಳುತ್ತಾನೆ. ಸೆರೆಯಲ್ಲಿದ್ದ ಸ್ನಾನಿಕನಾದ ಯೋಹಾನನೂ ತನ್ನ ಸಂದೇಹವನ್ನು ಶಿಷ್ಯರ ಮೂಲಕ ಕರ್ತನ ಬಳಿಗೇ ಕಳುಹಿಸಿದನು, ಬೇರೆಯವರ ಬಳಿಗಲ್ಲ. ಕರ್ತನು ಅದೇ ದಿವಸ ಜನರ ಮುಂದೆ ಅವನನ್ನು ಹೊಗಳಿದನು. ಆದರೂ ಯೋಹಾನನು ಸೆರೆಯಿಂದ ಹೊರಗೆ ಬರಲಿಲ್ಲ.

ಪ್ರಾರ್ಥನೆಯು ಬೇಡಿದಂತೆ ಈಡೇರದೆ ಹೋದದ್ದು ಕನ್ನಡ ಸಭೆಗಳ ಚರಿತ್ರೆಯಲ್ಲಿಯೂ ಹೊಸದಲ್ಲ. ಬಾಸೆಲ್ ಮಿಶನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. ಮೂರು ವರುಷಗಳ ಮೇಲೆ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಕೆಲಸವು ಆರಂಭವಾಯಿತು. ಆ ದಿವಸಗಳಲ್ಲಿ ಹುಬ್ಬಳ್ಳಿಯ ಸುತ್ತಲಿನ ಕಾಲಜ್ಞಾನದ ನುಡಿಗಳನ್ನು ನಂಬಿದ ಕೆಲವು ಜನರು ಮಿಶನರಿಗಳ ಬಳಿಗೆ ಬಂದು ಹೋಗುತ್ತಾ, ತಮ್ಮವರೆಲ್ಲರೂ ಗುಂಪಾಗಿ ಸೇರುವರೆಂಬ ಆಶೆಯನ್ನು ಹುಟ್ಟಿಸಿದರು. ಹೀಗೆ ಬರುವವರಿಗೆ ನೆಲೆಯಾಗಲೆಂದು 1841ರಲ್ಲಿ ಗದಗಿನ ಸಮೀಪದ ಮಲಸಮುದ್ರದಲ್ಲಿ ಬೇಸಾಯದ ಒಂದು ವಸತಿಯನ್ನು ಏರ್ಪಡಿಸಿದರು. ನೆಲ ಸಿದ್ಧವಾಯಿತು, ಬರುತ್ತೇವೆಂದವರು ಬರಲಿಲ್ಲ. ಆ ವಸತಿಯನ್ನು ಕಡೆಗೆ ಬಿಟ್ಟುಬಿಡಬೇಕಾಯಿತು. ಇದನ್ನು ಬರೆಯುವವರು ಸಾಧಾರಣವಾಗಿ, ಹತ್ತಿರದ ಬೆಟಗೇರಿಯಲ್ಲಿ ಸಭೆಯು ಬೇರೂರಿತಲ್ಲಾ ಎಂದು ಹೇಳಿ ಸಮಾಧಾನಪಡಿಸುತ್ತಾರೆ. ಬೆಟಗೇರಿಯಲ್ಲಿ ಬೇರೂರಿದ್ದು ನಿಜ. ಆದರೂ ಮಲಸಮುದ್ರದಲ್ಲಿ ಬೇಡಿದ್ದು ಮಲಸಮುದ್ರದಲ್ಲಿ ಸಿಕ್ಕಲಿಲ್ಲ. ಅದನ್ನು ಹಾಗೆಯೇ ಒಪ್ಪಿಕೊಳ್ಳುವದು ಪ್ರಾಮಾಣಿಕತೆಯೆಂದು ನಾವು ತಿಳಿಯುತ್ತೇವೆ.

ಮಂಗಳೂರಿನ ಹೆರ್ಮನ್ ಆನಂದರಾಯ ಕೌಂಡಿನ್ಯರ ಸಂಗತಿಯು ಇನ್ನೂ ಹೃದಯವನ್ನು ಮುಟ್ಟುವಂಥಾದ್ದು. ಸಾರಸ್ವತ ಬ್ರಾಹ್ಮಣ ಕುಲದ ಈ ಯೌವನಸ್ಥನು 1844ರ ಜನವರಿ 6ರಂದು ದೀಕ್ಷಾಸ್ನಾನ ಹೊಂದಿದನು. ಊರಲ್ಲಿ ದೊಡ್ಡ ಗಲಭೆಯಾಯಿತು. ಅವನ ಹೆಂಡತಿಯು ಅವನ ಸಂಗಡ ಬರಲಿಲ್ಲ. ಆಮೇಲೆ ಅವನು ಬಾಸೆಲಿಗೆ ಹೋಗಿ ಕಲಿತು, 1851ರಲ್ಲಿ ಬೋಧಕಾಭಿಷೇಕ ಹೊಂದಿ ಹಿಂತಿರುಗಿ, ಬಹು ವರುಷ ಸೇವೆಮಾಡಿದನು. ಕೊಡಗಿನ ಆನಂದಪುರಕ್ಕೆ ಅವನದೇ ಹೆಸರು. ಅವನನ್ನು ಕುರಿತು ಪ್ರಸಂಗಿಸುವವರು ಸೇವೆಯ ವರುಷಗಳನ್ನು ವಿಸ್ತರಿಸುತ್ತಾರೆ. ಮನೆಯ ಬಾಗಿಲು ತನಗೆ ಮುಚ್ಚಿದ ಆ ಮೊದಲಿನ ರಾತ್ರಿಗಳಲ್ಲಿ ಅವನು ಏನನ್ನು ಬೇಡಿಕೊಂಡಿರಬಹುದೆಂದು ವಿಚಾರಿಸುವವರು ಕಡಿಮೆ. ಅವಳ ಕಣ್ಣೀರನ್ನು ವಿಚಾರಿಸುವವರು ಇನ್ನೂ ಕಡಿಮೆ.

ಇಡೀ ಸಭೆಗಳೇ ಕಂಗೆಟ್ಟ ಕಾಲವು 1914ರಲ್ಲಿ ಬಂತು. ಯುರೋಪಿನ ಯುದ್ಧ ಆರಂಭವಾಗಲು ಜರ್ಮನ್ ಮಿಶನರಿಗಳು ಶತ್ರುದೇಶದವರೆಂದು ಎಣಿಸಲ್ಪಟ್ಟರು. ಗಂಡಸರಲ್ಲಿ ಅನೇಕರನ್ನು ಅಹಮದನಗರದ ಪಾಳೆಯದಲ್ಲಿ ಇಟ್ಟರು. 1915 ಮತ್ತು 1916ರಲ್ಲಿ ಗೋಲ್ಕೊಂಡ ಎಂಬ ಹಡಗಿನಲ್ಲಿ ಅವರನ್ನು ಸ್ವದೇಶಕ್ಕೆ ಕಳುಹಿಸಿದರು. ಅನೇಕ ಕ್ರೈಸ್ತ ಕುಟುಂಬಗಳಿಗೆ ಅನ್ನಕೊಡುತ್ತಿದ್ದ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಮಿಶನಿನ ಕೈತಪ್ಪಿ ಹೋದವು. ಈ ಸಂಕಟದ ಮೇಲೆ 1918ರ ಇನ್‌ಫ್ಲುಯೆಂಜಾ ಜ್ವರ ಬಂದು ಹಿಂದೂಸ್ಥಾನದಲ್ಲಿ ಒಂದು ಕೋಟಿಗಿಂತ ಹೆಚ್ಚು ಜನರನ್ನು ಕೊಂಡೊಯ್ದಿತು. ಆಗ ಹಳ್ಳಿಯ ಸಭೆಗಳಲ್ಲಿ ಉಳಿದವರು ಯಾರು? ಸ್ವದೇಶೀ ಬೋಧಕರು, ಉಪದೇಶಿಗಳು, ಶಾಲಾಮಾಸ್ತರರು, ಹಿರಿಯರು, ವಿಧವೆಯರು. ಇವರಲ್ಲಿ ಹೆಚ್ಚಿನವರ ಹೆಸರುಗಳು ದೊಡ್ಡ ಪುಸ್ತಕಗಳಲ್ಲಿ ಇಲ್ಲ. ಅವರ ನಂಬಿಕೆ ಬಂಡೆಯ ಹಾಗೆ ಅಲುಗಾಡದೆ ಇತ್ತೆಂದು ಹೇಳಲಿಕ್ಕೆ ನಮಗೆ ಮನಸ್ಸಿಲ್ಲ. ಅಲುಗಾಡದೆ ಹೇಗೆ ಇದ್ದೀತು? ಆದರೆ ಆದಿತ್ಯವಾರ ಗಂಟೆ ಬಾರಿಸಿದರು, ಹೆಣಗಳನ್ನು ಹೊತ್ತರು, ಮಕ್ಕಳಿಗೆ ಪಾಠ ಹೇಳಿದರು. ಸಂದೇಹವುಳ್ಳ ಕೈಗಳಿಂದಲೂ ಈ ಕೆಲಸಗಳು ಆಗುತ್ತವೆ.

ಪೌಲನು ತನ್ನ ಶರೀರದ ಮುಳ್ಳಿನ ವಿಷಯವಾಗಿ ಮೂರು ಸಾರಿ ಬೇಡಿಕೊಂಡನು. ಮುಳ್ಳು ಹೋಗಲಿಲ್ಲ, ಕೃಪೆ ಸಾಕೆಂಬ ಉತ್ತರ ಬಂತು. ಗೆತ್ಸೇಮನೆಯ ತೋಟದಲ್ಲಿ ಮಗನೇ ತಂದೆಯನ್ನು ಬೇಡಿಕೊಂಡನು, ಪಾತ್ರೆಯು ತೊಲಗಲಿಲ್ಲ. ಅಲ್ಲಿ ನಂಬಿಕೆ ಸಾಲದೆ ಹೋಯಿತೆಂದು ಹೇಳುವ ಧೈರ್ಯ ಯಾರಿಗೆ ಉಂಟು? ಹಾಗಾದರೆ ಇಬ್ಬರಲ್ಲಿ ಒಬ್ಬನು ಯಾಕೆ ಎದ್ದನು, ಮತ್ತೊಬ್ಬನು ಯಾಕೆ ಏಳಲಿಲ್ಲ ಎಂಬದಕ್ಕೆ ದೇವರ ವಾಕ್ಯವು ನಮಗೆ ಕಾರಣವನ್ನು ಕೊಟ್ಟಿಲ್ಲ. ಕೊಡದ ಕಾರಣವನ್ನು ನಾವು ಹುಟ್ಟಿಸಿ ಹೇಳಬಾರದು.

ಶಿಷ್ಯರು ಮನೆಯೊಳಗೆ ಬಂದಮೇಲೆ ತಮ್ಮಿಂದ ಯಾಕೆ ಆಗಲಿಲ್ಲವೆಂದು ಏಕಾಂತದಲ್ಲಿ ಕೇಳಿದರು. ಇಂಥಾದ್ದು ಪ್ರಾರ್ಥನೆಯಿಂದಲ್ಲದೆ ಹೋಗದೆಂದು ಕರ್ತನು ತಿಳಿಸಿದನು. (ನಮ್ಮ ಹಳೇ ಪ್ರತಿಗಳಲ್ಲಿ ಉಪವಾಸವೆಂಬ ಮಾತೂ ಸೇರಿದೆ, ಅತಿ ಪುರಾತನವಾದ ಕೈಬರಹಗಳಲ್ಲಿ ಅದು ಇಲ್ಲ. ಉಪವಾಸ ಮಾಡುವವರನ್ನು ತಡೆಯುವದಕ್ಕೆ ಇದನ್ನು ಹೇಳುವದಿಲ್ಲ.) ನೋಡಿರಿ, ನಂಬಿಕೆ ಸಾಲದೆಂಬ ಗದರಿಕೆಯಲ್ಲಿ ಶಿಷ್ಯರಿಗೂ ಪಾಲು ಉಂಟು; ಪ್ರಾರ್ಥನೆ ಮಾಡಬೇಕಾಗಿದ್ದವರು ತಂದೆಯೊಬ್ಬನೇ ಅಲ್ಲ, ಅವರೇ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ಮಾಳಿಗೆಯಿಂದ ಇಳಿಸಿದಾಗಲೂ ಕರ್ತನು ನೋಡಿದ್ದು ಹೊತ್ತವರ ನಂಬಿಕೆಯನ್ನು. ಮಗನನ್ನು ಕಳಕೊಂಡು ಪ್ರಾರ್ಥಿಸಲಾರದವಳು ಪ್ರಾರ್ಥಿಸದೆ ಇರಲಿ. ಅವಳಿಗೋಸ್ಕರ ಸಭೆಯು ಹೊರಲಿ.

ಹೊರುವದು ಹೇಗೆಂದರೆ, ಮೊದಲು ಹೋಗಿ ನೋಡುವದು. ಮಂಗನ ಕಾಯಿಲೆಯು ಮನುಷ್ಯನಿಂದ ಮನುಷ್ಯನಿಗೆ ಅಂಟುವದಿಲ್ಲ. ಉಣುಗು ಕಡಿದರೆ, ಇಲ್ಲವೆ ರೋಗದ ಮಂಗವನ್ನು ಮುಟ್ಟಿದರೆ ಬರುತ್ತದೆ. ಇದನ್ನು ತಿಳಿಯದೆ ರೋಗಿಯ ಮನೆಯ ದಾರಿ ಬಿಟ್ಟು ನಡೆಯುವವರು ಇದ್ದಾರೆ. ಗಂಜಿ ಒಯ್ಯಿರಿ, ಆಕಳನ್ನು ಕಟ್ಟಿರಿ, ನೀರು ತಂದುಹಾಕಿರಿ. ಪ್ರಾರ್ಥನೆಯು ಚಿಕ್ಕದಾಗಿರಲಿ, ಜ್ವರದ ತಲೆಗೆ ಉದ್ದದ ಪ್ರಸಂಗವು ಹಿಂಸೆ. ರೋಗಿಯ ನಂಬಿಕೆಯನ್ನು ಪರೀಕ್ಷಿಸಬೇಡಿರಿ. ಜ್ವರ ಬಂದ ದಿವಸವೇ ಆಶಾ ಕಾರ್ಯಕರ್ತೆಗೆ ತಿಳಿಸಿ, ರಕ್ತಪರೀಕ್ಷೆಗೆ ಕಳುಹಿಸಿರಿ. ಪ್ರಾರ್ಥನೆ ಮಾಡಿದ್ದೇವಲ್ಲಾ ಎಂದು ದವಾಖಾನೆಗೆ ಹೋಗುವದನ್ನು ತಡಮಾಡುವದು ನಂಬಿಕೆಯಲ್ಲ. ಕೊಳೆರೋಗದಿಂದ ತೋಟವನ್ನು ಕಾಯೆಂದು ಬೇಡಿಕೊಳ್ಳುವವನು ಮಳೆಗಾಲಕ್ಕೆ ಮುಂಚೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಹೊಡೆಯಿಸುತ್ತಾನೆ. ಅಡಿಕೆಗೆ ಇರುವ ಬುದ್ಧಿ ಮಕ್ಕಳಿಗೂ ಇರಬೇಕಷ್ಟೆ. ದರಕಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಲಿ. ಬಂದ ಕೂಡಲೆ ಬಿಸಿನೀರಿನಲ್ಲಿ ಮಿಂದು, ಬಟ್ಟೆಯನ್ನು ಬೇರೆ ಇಟ್ಟು ಒಗೆಯಲಿ. ಸತ್ತ ಮಂಗವನ್ನು ಕಂಡರೆ ಮುಟ್ಟದೆ ವರದಿ ಕೊಡಲಿ. ಕೂಲಿಯವರನ್ನು ಕಾಡಿಗೆ ಕಳುಹಿಸುವ ಯಜಮಾನನು ಸಭೆಯವನಾದರೆ, ತೈಲ ಸಿಕ್ಕಿತೋ ಇಲ್ಲವೋ ಎಂದು ಅವನೇ ವಿಚಾರಿಸಲಿ. ಅವನ ಸಂಧ್ಯಾಪ್ರಾರ್ಥನೆಯಲ್ಲಿ ಅವರ ಹೆಸರುಗಳೂ ಇರಲಿ, ಅವರು ಯಾವ ಮತದವರಾದರೂ.

ಈ ಪಾಠವನ್ನು ಮನೆಕೂಟದಲ್ಲಿ ನಡಿಸುವವರಿಗೆ ಒಂದು ಸೂಚನೆ. ಮಾರ್ಕನ ಭಾಗವನ್ನು ನಿಧಾನವಾಗಿ ಓದುತ್ತಾ 24ನೇ ವಚನಕ್ಕೆ ಬಂದಾಗ ಪುಸ್ತಕವನ್ನು ತೆರೆದಿಟ್ಟುಕೊಂಡೇ ನಿಲ್ಲಿಸಿರಿ. ಕೂಡಿದವರಲ್ಲಿ ಯಾರಿಗಾದರೂ ತಮ್ಮ ಮನೆಯ ಸಂಗತಿಯನ್ನು ಹೇಳಿಕೊಳ್ಳಲಿಕ್ಕೆ ಇದ್ದರೆ ಹೇಳಲಿ. ಯಾರೂ ಅದಕ್ಕೆ ಉತ್ತರ ಕೊಡಬಾರದು. ಹೇಳುವವರಿಲ್ಲದಿದ್ದರೆ ಸುಮ್ಮನೆ ಕೂತಿರ್ರಿ. ಆಮೇಲೆ ಉಳಿದ ವಚನಗಳನ್ನು ಓದಿರಿ.